ಉಯ್ಯಂಬಳ್ಳಿಗೆ ದಿನಪತ್ರಿಕೆ ಬಂದ ಬಗೆ

ಸ್ಮರಣ ಸಂಚಿಕೆಗೆ ಊರಿನ ಬಗ್ಗೆ ಏನಾದರೂ ಬರೆದುಕೊಡಲೇಬೇಕು ಎಂದು ನಮ್ಮ ಕನ್ನಡ ಕೂಟದ ಗೆಳೆಯರು ಬಿಡದೆ ಕೇಳುತ್ತಿದ್ದಾರೆ. ನನಗೂ ಹೇಳಬೇಕಾದ ಮಾತೊಂದಿದೆ. ಇಲ್ಲಿ ಲಾಂಗ್ ಐಲೆಂಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಅಜ್ಜಿಯ ಹತ್ತಿರ ಫೋನಿನಲ್ಲಿ ಕನ್ನಡ ಮಾತಾಡುತ್ತಾರೆ, ರಾಜ್ಯೋತ್ಸವಕ್ಕೆ ನಾಡಗೀತೆ ಹಾಡುತ್ತಾರೆ. ಆದರೆ ಕನ್ನಡದ ಹಾಳೆಯೊಂದನ್ನು ಕೈಗೆ ಕೊಟ್ಟರೆ ನಮ್ಮ ಮುಖ ನೋಡುತ್ತಾರೆ. ನಮಗೆ ಅಕ್ಷರ ಕಲಿಸಿದ್ದು ಶಾಲೆ. ಓದುವ ರುಚಿ ಹತ್ತಿಸಿದ್ದು ದಿನಪತ್ರಿಕೆ. ಅದು ನಮ್ಮಂಥ ಹಳ್ಳಿಯವರೆಗೆ ಹೇಗೆ ಬಂತು ಎಂಬುದನ್ನು ಮಕ್ಕಳಿಗೆ ತಿಳಿಸೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ಉಯ್ಯಂಬಳ್ಳಿ ಕನಕಪುರ ತಾಲ್ಲೂಕಿನ ಒಂದು ಹೋಬಳಿ. ಅರ್ಕಾವತಿ ನದಿ ಕಾವೇರಿಯನ್ನು ಕೂಡುವ ಸಂಗಮ, ಅಲ್ಲಿಂದ ಮುಂದಿನ ಮೇಕೆದಾಟು, ಎಲ್ಲವೂ ನಮ್ಮ ಸೀಮೆಯವೇ. ಹೊಲದಲ್ಲಿ ರಾಗಿ, ಮನೆಯೊಳಗೆ ರೇಷ್ಮೆ ಹುಳು, ದಕ್ಷಿಣಕ್ಕೆ ಕಾವೇರಿ ಕಣಿವೆಯ ಕಾಡು. ಬೆಂಗಳೂರು ಹತ್ತಿರವೇ ಇದ್ದರೂ ಬಸ್ಸಿಗೆ ಕಾಯುವವರಿಗೆ ದೂರ.

ಇಲ್ಲಿಗೆ ಪತ್ರಿಕೆ ಬರುವ ಮೊದಲಿನ ಕಥೆ ಹೇಳಬೇಕೆಂದರೆ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅದನ್ನು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಅದಕ್ಕಾಗಿಯೇ ಪ್ರತಿ ವರ್ಷ ಜುಲೈ 1 ನಮಗೆ ಪತ್ರಿಕಾ ದಿನ. ಹಳೆ ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಪತ್ರಿಕೆಗಳಲ್ಲಿ ಜನರ ಪರವಾಗಿ ಬರೆದರು. ನಮ್ಮ ಡಿ.ವಿ. ಗುಂಡಪ್ಪನವರು ಎಳೆಯ ಪ್ರಾಯದಲ್ಲೇ ‘ಸೂರ್ಯೋದಯ ಪ್ರಕಾಶಿಕೆ’ಯಲ್ಲಿ ಕೆಲಸ ಮಾಡಿದವರು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಿತು. ಆದರೂ ಹುಟ್ಟುವ ಪತ್ರಿಕೆಗಳು ಹುಟ್ಟುತ್ತಲೇ ಇದ್ದವು. ತಿರುಮಲೆ ತಾತಾಚಾರ್ಯ ಶರ್ಮರ ‘ವಿಶ್ವ ಕರ್ನಾಟಕ’, ಪಿ.ಆರ್. ರಾಮಯ್ಯನವರ ‘ತಾಯಿನಾಡು’ ಸ್ವಾತಂತ್ರ್ಯ ಚಳವಳಿಯ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದವು.

ನಮ್ಮೂರಿನ ಮಟ್ಟಿಗೆ ಪತ್ರಿಕೆ ಎಂದರೆ ಬಹಳ ಕಾಲ ‘ಪ್ರಜಾವಾಣಿ’. ಕೆ.ಎನ್. ಗುರುಸ್ವಾಮಿಯವರು ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಜೂನ್ 17ಕ್ಕೆ ಇಂಗ್ಲಿಷಿನ ‘ಡೆಕ್ಕನ್ ಹೆರಾಲ್ಡ್’, ಅದೇ ವರ್ಷ ಅಕ್ಟೋಬರ್ 15ಕ್ಕೆ ‘ಪ್ರಜಾವಾಣಿ’ ಆರಂಭಿಸಿದರು. ಮೊದಲ ಸಂಪಾದಕರು ಬಿ. ಪುಟ್ಟಸ್ವಾಮಯ್ಯನವರು, ನಾಟಕಕಾರರು, ಬಸವಣ್ಣನವರ ಕಾಲದ ಬಗ್ಗೆ ಕಾದಂಬರಿ ಬರೆದವರು. ಮುಂದೆ ಟಿ.ಎಸ್. ರಾಮಚಂದ್ರರಾಯರು ‘ಛೂಬಾಣ’ ಅಂಕಣದಿಂದ ಮನೆಮಾತಾದರು. ಉತ್ತರದಲ್ಲಿ ಬೇರೂರಿದ್ದ ‘ಸಂಯುಕ್ತ ಕರ್ನಾಟಕ’ 1959ರಲ್ಲಿ ಬೆಂಗಳೂರಿಗೂ ಬಂತು. 1967ರ ನವೆಂಬರ್ 4ರಂದು ‘ಕನ್ನಡಪ್ರಭ’ ಹುಟ್ಟಿತು. 1999ರಲ್ಲಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ತಂದು ಬೆಲೆ ಇಳಿಸಿದ ಮೇಲೆ, ಪತ್ರಿಕೆ ಕೊಳ್ಳದ ಮನೆಗಳೂ ಕೊಳ್ಳತೊಡಗಿದವು.

ಬೆಂಗಳೂರಿನಲ್ಲಿ ಅಚ್ಚಾದ ಪತ್ರಿಕೆ ಹಳ್ಳಿಗೆ ಬರುವ ಕ್ರಮವೇ ಬೇರೆ. ದೂರದ ಊರುಗಳಿಗೆ ಹೋಗುವ ಪ್ರತಿಗಳನ್ನು ರಾತ್ರಿ ಮೊದಲು ಅಚ್ಚು ಹಾಕುತ್ತಾರೆ; ನಗರದ ಪ್ರತಿಗಳು ಕೊನೆಗೆ. ನಡುರಾತ್ರಿಯ ಸುದ್ದಿ ನಗರದವರಿಗೆ ಸಿಕ್ಕರೆ ಹಳ್ಳಿಯವರಿಗೆ ಸಿಗುವುದು ಮರುದಿನ. ಸೆಣಬಿನ ಹುರಿಯಲ್ಲಿ ಬಿಗಿದ ಕಟ್ಟು ಕನಕಪುರಕ್ಕೆ ಬಂದು, ಅಲ್ಲಿ ಬಿಡಿಯಾಗಿ, ಮತ್ತೊಂದು ಬಸ್ಸೇರಿ ನಮ್ಮ ಕಡೆಗೆ ಹೊರಡುತ್ತಿತ್ತು. ಕಂಡಕ್ಟರು ಬಾಗಿಲಲ್ಲೇ ನಿಂತು ಕಟ್ಟನ್ನು ಕೆಳಗೆ ಎಸೆಯುತ್ತಿದ್ದರು. ಏಜೆಂಟರೆಂದರೆ ಬೀಡಿ, ಬೆಲ್ಲ, ಸೀಮೆಎಣ್ಣೆ ಮಾರುತ್ತಿದ್ದ ಅಂಗಡಿಯವರೇ. ಬಂದ ನಾಲ್ಕಾರು ಪ್ರತಿಗಳಲ್ಲಿ ಒಂದು ಅಂಗಡಿ ಜಗಲಿಗೆ, ಒಂದು ಶಾಲೆಗೆ, ಒಂದು ನಮ್ಮ ಮನೆಗೆ.

ನಮ್ಮ ತಾತ ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವರು, ಆದರೆ ಪತ್ರಿಕೆಯನ್ನು ಮೊದಲ ಪುಟದ ಮೇಲಂಚಿನಿಂದ ಕೊನೆಯ ಪುಟದ ಕೆಳಗಿನ ಮುದ್ರಕರ ಹೆಸರಿನವರೆಗೆ ಓದುತ್ತಿದ್ದರು. ಓದುವುದೆಂದರೆ ಗಟ್ಟಿಯಾಗಿ, ಓದಲು ಬಾರದವರಿಗೂ ಕೇಳುವಂತೆ. ರಾಮನಗರ ಮಾರುಕಟ್ಟೆಯ ರೇಷ್ಮೆ ಗೂಡಿನ ಧಾರಣೆಯನ್ನು ಎರಡು ಸಲ ಓದಬೇಕಾಗಿತ್ತು, ಕೆ.ಜಿ.ಗೆ ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಒಂದು ಬೆಳೆಯ ಲೆಕ್ಕ ತಲೆಕೆಳಗಾಗುತ್ತಿತ್ತು. ಓದಿ ಮುಗಿದ ಹಾಳೆಗೂ ಬಿಡುವಿರಲಿಲ್ಲ. ಚಾಕಿ ಹುಳುವಿನ, ಅಂದರೆ ಎಳೆಯ ರೇಷ್ಮೆ ಹುಳುವಿನ, ತಟ್ಟೆಗೆ ಅಜ್ಜಿ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಉದುರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಸೊಪ್ಪು ಮುಚ್ಚುವುದರೊಳಗೆ ಸಾಲುಗಳನ್ನು ಓದಿಕೊಳ್ಳುತ್ತಿದ್ದೆ. ಹಳೆಯ ಕ್ರಿಕೆಟ್ ಸ್ಕೋರು, ಯಾವುದೋ ಸಿನಿಮಾದ ಜಾಹೀರಾತು, ‘ವಾಚಕರ ವಾಣಿ’ಯ ಅರ್ಧ ಕಾಗದ. ನನ್ನ ಕನ್ನಡ ಓದಿಗೆ ವೇಗ ಬಂದದ್ದು ಹುಳುಮನೆಯಲ್ಲಿ.

2000ನೇ ಇಸವಿಯ ಆ ದಿನಗಳನ್ನು ಮಾತ್ರ ಮರೆಯುವಂತಿಲ್ಲ. ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ತೋಟದ ಮನೆಯಿಂದ ಚಿತ್ರನಟ ಡಾ. ರಾಜ್‌ಕುಮಾರರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಮಾರನೆಯ ದಿನ ನಮ್ಮೂರಿಗೆ ಬಂದ ಪತ್ರಿಕೆಯಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ರೇಡಿಯೊ ಹೇಳಿದ್ದನ್ನು ಅಜ್ಜಿ ನಂಬಲಿಲ್ಲ. “ಪೇಪರ್‌ನಲ್ಲಿ ಬಂದಿಲ್ವಲ್ಲ, ಸುಳ್ಳಿರ್ಬೇಕು” ಎಂದುಬಿಟ್ಟರು. ಆಗಸ್ಟ್ 1ರಂದು ಬಸ್ಸಿಗೆ ಮೊದಲೇ ಜಗಲಿ ತುಂಬಿಹೋಗಿತ್ತು. ತಾತ ಓದಲು ಶುರುಮಾಡಿ, ನಡುವೆ ಗಂಟಲು ಕಟ್ಟಿ, ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಜಗಲಿಯಲ್ಲಿ ಓದುವ ಕೆಲಸ ನನ್ನದಾಯಿತು. ಕಾವೇರಿಯ ದಡದಲ್ಲಿ ನಿಂತರೆ ಆಚೆಗೆ ಕಾಣುವ ಕಾಡೂ ಆ ವೀರಪ್ಪನ್ ಓಡಾಡಿದ ಕಾಡೇ. ಹಾಗಾಗಿ ಅದು ನಮಗೆ ನೆರೆಮನೆಯ ಸಂಕಟ. “ಅಣ್ಣಾವ್ರು ಬಂದ್ರಂತಾ, ನೋಡಪ್ಪ” ಎಂಬುದೇ ದಿನವೂ ಅಜ್ಜಿಯ ಮೊದಲ ಪ್ರಶ್ನೆ. ಸಂಧಾನಕ್ಕೆ ಕಾಡಿಗೆ ಹೋದವರೂ ಒಬ್ಬ ಪತ್ರಕರ್ತರೇ, ತಮಿಳಿನ ‘ನಕ್ಕೀರನ್’ ಸಂಪಾದಕ ಗೋಪಾಲ್. 108 ದಿನಗಳ ನಂತರ ನವೆಂಬರ್ 15ರಂದು ರಾಜಣ್ಣ ಬಿಡುಗಡೆಯಾದಾಗಲೂ, ಅಚ್ಚಿನಲ್ಲಿ ನೋಡುವ ತನಕ ಅಜ್ಜಿ ದೇವರಿಗೆ ತೆಂಗಿನಕಾಯಿ ಒಡೆಯಲಿಲ್ಲ. ಅಚ್ಚಾದ ಮಾತಿನ ಮೇಲೆ ನಮ್ಮ ಜನಕ್ಕಿದ್ದ ಆ ನಂಬಿಕೆಗೆ ಸಾಟಿಯಾದದ್ದನ್ನು ನಾನು ಯಾವ ದೇಶದಲ್ಲೂ ಕಂಡಿಲ್ಲ.

ಜಿಲ್ಲಾ ಸುದ್ದಿಯ ಪುಟ ಬಂದ ಮೇಲೆ ನಮ್ಮೂರಿನ ಜಾತ್ರೆ, ಹಾಲಿನ ಡೇರಿ ಚುನಾವಣೆ, ಆನೆ ದಾಳಿ ಎಲ್ಲವೂ ಅಚ್ಚಿನಲ್ಲಿ ಕಾಣತೊಡಗಿದವು. ನಮ್ಮ ತಾಲ್ಲೂಕು ಕೂತಲ್ಲೇ ಕೂತಿತ್ತು, ಜಿಲ್ಲೆಯ ಹೆಸರು ಬದಲಾಗುತ್ತಾ ಹೋಯಿತು. ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ರಾಜಧಾನಿಯ ಪತ್ರಿಕೆಗೆ ನಾವು ಹೊರಗಿನವರಲ್ಲ ಎಂದು ತಿಳಿಸಿಕೊಟ್ಟದ್ದು ಆ ಒಂದು ಪುಟ.

ಇಲ್ಲಿನ ಮಕ್ಕಳಿಗೆ ಹೇಳುವುದಾದರೆ, ನಿಮ್ಮ ಲಾಂಗ್ ಐಲೆಂಡಿನ ‘ನ್ಯೂಸ್‌ಡೇ’ ಕೂಡ ಹೀಗೆ ಮಹಾನಗರದ ಪಕ್ಕದ ಊರುಗಳಿಗಾಗಿ ಹುಟ್ಟಿದ್ದು. ಅಲಿಷಿಯಾ ಪ್ಯಾಟರ್ಸನ್ ಎಂಬ ಮಹಿಳೆ 1940ರ ಸೆಪ್ಟೆಂಬರ್ 3ರಂದು ಹೆಂಪ್‌ಸ್ಟೆಡ್‌ನಲ್ಲಿ, ಕಾರು ಮಾರುತ್ತಿದ್ದ ಹಳೆಯ ಕಟ್ಟಡದಲ್ಲಿ ಅದನ್ನು ಶುರುಮಾಡಿದರು. ಯುದ್ಧದಿಂದ ಮರಳಿದ ಸೈನಿಕರಿಗೆ ಲೆವಿಟೌನ್‌ನಲ್ಲಿ ಮನೆಗಳಾಗಬೇಕೆಂದು ಆ ಪತ್ರಿಕೆ ಗಟ್ಟಿಯಾಗಿ ನಿಂತಿತು. ತಮ್ಮೂರಿನ ಸುದ್ದಿ ಬೇಕೆನ್ನುವುದು ಎಲ್ಲ ಕಡೆಯ ಜನರಿಗೂ ಒಂದೇ.

ಇನ್ನು ಓದುಗ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ಪತ್ರಿಕೆಗಳೆಲ್ಲ ಇವತ್ತು ಫೋನಿನಲ್ಲೇ ಸಿಗುತ್ತವೆ, ಅದೂ ಊರಿಗಿಂತ ಮೊದಲು. ರಾತ್ರಿ ಊಟಕ್ಕೆ ಕೂತಾಗ ಒಂದೇ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ. ಮೊದಲ ವಾರ ನೀವು ಓದಿ, ಆಮೇಲೆ ತಲೆಬರಹವನ್ನಷ್ಟೇ ಮಕ್ಕಳಿಂದ ಓದಿಸಿ. ತಪ್ಪು ಓದಿದರೆ ನಗಬೇಡಿ, ತಿದ್ದಿ ಮುಂದೆ ಹೋಗಿ. ನಮ್ಮ ಕೂಟವೂ ತಿಂಗಳಿಗೊಮ್ಮೆ ಮಕ್ಕಳಿಗಾಗಿ ಪತ್ರಿಕೆ ಓದುವ ಹೊತ್ತನ್ನು ಇಟ್ಟುಕೊಳ್ಳಲಿ. ಅದರ ಜವಾಬ್ದಾರಿ ಹೊರಲು ನಾನು ಸಿದ್ಧ. ಬರುವ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡು, ಕುಣಿತದ ಜೊತೆಗೆ ಒಂದು ಮಗುವಾದರೂ ಅಂದಿನ ಕನ್ನಡ ಪತ್ರಿಕೆಯ ಸುದ್ದಿಯನ್ನು ನಿಂತು ಓದುವಂತಾಗಲಿ.