ಶಿಶುರೋಗ ಪರೀಕ್ಷೆಯಲ್ಲಿ ಮೆದುಳಿನ ವಿದ್ಯುತ್ತರಂಗಗಳು

ಮಕ್ಕಳ ಮೆದುಳಿನ ರೋಗಗಳನ್ನು ಅರಿಯುವುದರಲ್ಲಿ ಹಿಂದಿನ ವೈದ್ಯರಿಗಿದ್ದ ದೊಡ್ಡ ತೊಡಕೆಂದರೆ, ರೋಗಿಯು ತನ್ನ ಬಾಧೆಯನ್ನು ಬಾಯಿಬಿಟ್ಟು ಹೇಳಲಾರದವನಾಗಿದ್ದುದು. ೧೮೪೧ನೆಯ ಇಸವಿಯಲ್ಲಿ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಜೇಮ್ಸ್ ವೆಸ್ಟ್ ಎಂಬುವನು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದ ಪತ್ರವು ಇದಕ್ಕೆ ನಿದರ್ಶನವಾಗಿದೆ. ಅವನ ಎಳೆಯ ಮಗನು ಅಡಿಗಡಿಗೆ ತಲೆಯನ್ನು ಮೊಣಕಾಲುಗಳ ಕಡೆಗೆ ಬಾಗಿಸುತ್ತಿದ್ದನು. ದಿನಕ್ರಮದಲ್ಲಿ ಬುದ್ಧಿಯ ಬೆಳೆವಣಿಗೆಯೂ ಕುಂಠಿತವಾಯಿತು. ಜಿಗಣೆಗಳನ್ನು ಹಚ್ಚಿದರೂ, ಭೇದಿಯೌಷಧವನ್ನೂ ಅಫೀಮನ್ನೂ ಕೊಟ್ಟರೂ ಫಲ ದೊರೆಯಲಿಲ್ಲ. ತಂದೆಯ ಕಣ್ಣಿಗೆ ಕಂಡುದು ಹೊರಗಿನ ಚೇಷ್ಟೆ ಮಾತ್ರ; ಒಳಗಿನ ವ್ಯಾಪಾರವನ್ನು ಕಾಣಿಸುವ ಸಾಧನವು ಆಗ ಇರಲಿಲ್ಲ.

೧೮೭೫ರಲ್ಲಿ ಲಿವರ್‌ಪೂಲ್ ನಗರದ ರಿಚರ್ಡ್ ಕೇಟನ್ ಎಂಬ ವೈದ್ಯನು ಮೊಲ, ಕೋತಿಗಳ ತೆರೆದ ಮೆದುಳಿನಲ್ಲಿ ಕ್ಷೀಣವಾದ ವಿದ್ಯುತ್ಪ್ರವಾಹವಿರುವುದನ್ನು ತೋರಿಸಿದನು. ಜರ್ಮನಿಯ ಯೇನಾ ಪಟ್ಟಣದ ಹಾನ್ಸ್ ಬರ್ಗರನು ೧೯೨೪ರಲ್ಲಿ ಮನುಷ್ಯನ ತಲೆಯಿಂದಲೇ ಈ ಪ್ರವಾಹವನ್ನು ದಾಖಲಿಸಿ, ಐದು ವರ್ಷಗಳ ತರುವಾಯ, ೧೯೨೯ರಲ್ಲಿ, ಅದನ್ನು ಪ್ರಕಟಿಸಿದನು. ಪ್ರಯೋಗಕ್ಕೆ ಒಳಗಾದವರಲ್ಲಿ ಅವನ ಮಗನಾದ ಕ್ಲೌಸನೂ ಒಬ್ಬನು. ಕಣ್ಣು ಮುಚ್ಚಿ ವಿಶ್ರಮಿಸುವವನಲ್ಲಿ ಸೆಕೆಂಡಿಗೆ ಸುಮಾರು ೧೦ರಂತೆ ಏಳುವ ಅಲೆಗಳಿಗೆ ಬರ್ಗರನು ‘ಆಲ್ಫಾ’ ಎಂಬ ಹೆಸರನ್ನಿಟ್ಟನು. ಅನೇಕ ವಿದ್ವಾಂಸರು ಇದನ್ನು ಶಂಕಿಸಿದರು. ೧೯೩೪ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸರು ಸ್ವತಃ ಪರೀಕ್ಷಿಸಿ ಸಮರ್ಥಿಸಿದ ಮೇಲೆ ಆ ಶಂಕೆಯು ಬಹುಮಟ್ಟಿಗೆ ನೀಗಿತು.

ಆದರೆ ವಯಸ್ಕರಿಂದ ದೊರೆತ ಈ ಅಳತೆಗೋಲು ಮಕ್ಕಳಿಗೆ ಹೊಂದುವಂತಿರಲಿಲ್ಲ. ಅಮೆರಿಕದಲ್ಲಿ ಲಿಂಡ್‌ಸ್ಲಿ ಮೊದಲಾದವರು ೧೯೩೦ರ ದಶಕದಲ್ಲಿ ನಡೆಸಿದ ಪರಿಶೋಧನೆಗಳಿಂದ ಅಲೆಗಳಿಗೂ ವಯೋಧರ್ಮವುಂಟೆಂಬುದು ವಿದಿತವಾಯಿತು. ಮೂರು ನಾಲ್ಕು ತಿಂಗಳ ಕೂಸಿನ ಹಿಂದಲೆಯಲ್ಲಿ ಸೆಕೆಂಡಿಗೆ ೩ ಅಥವಾ ೪ ಅಲೆಗಳು ಕಾಣುತ್ತವೆ. ವರ್ಷ ತುಂಬುವಾಗ್ಗೆ ಅವು ೬ರ ಸಮೀಪಕ್ಕೆ ಬರುತ್ತವೆ. ಹತ್ತು ವರ್ಷದ ಸುಮಾರಿಗೆ ವಯಸ್ಕರ ಗತಿಯನ್ನು ಮುಟ್ಟುತ್ತವೆ. ೧೯೩೬ರಲ್ಲಿ ಲಂಡನ್ನಿನ ಗ್ರೇ ವಾಲ್ಟರನು ಮೆದುಳಿನ ಗಡ್ಡೆಯಿದ್ದವರಲ್ಲಿ ಕಂಡುದೂ ಇಂಥ ಮಂದಗತಿಯ ಅಲೆಗಳನ್ನೇ. ಎಚ್ಚತ್ತಿರುವ ವಯಸ್ಕನಲ್ಲಿ ರೋಗಚಿಹ್ನೆಯಾದುದು ಕೂಸಿನಲ್ಲಿ ಆರೋಗ್ಯಲಕ್ಷಣವಾಗಬಲ್ಲುದು. ಆದುದರಿಂದ ವಯಸ್ಸನ್ನು ತಿಳಿಯದೆ ಲೇಖವನ್ನು ಓದುವುದು ಅನರ್ಥಕ್ಕೆ ಕಾರಣವಾಗುತ್ತದೆ.

ಈ ಪರೀಕ್ಷೆಯ ಪ್ರಯೋಜನವು ಮಕ್ಕಳ ಅಪಸ್ಮಾರದಲ್ಲಿ ಸ್ಪಷ್ಟವಾಯಿತು. ೧೯೩೫ರಲ್ಲಿ ಬಾಸ್ಟನ್ನಿನ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸರು ‘ಪೆಟೀ ಮಾಲ್’ ಎಂಬ ಬಗೆಯಲ್ಲಿ ಸೆಕೆಂಡಿಗೆ ೩ರಂತೆ ಬರುವ, ಮೊನೆಯೂ ಅಲೆಯೂ ಜೋಡಿಯಾದ ರೇಖೆಯನ್ನು ವರ್ಣಿಸಿದರು. ಈ ರೋಗದಲ್ಲಿ ಬಾಲಕನು ಬೀಳುವುದಿಲ್ಲ. ಕೆಲವು ಸೆಕೆಂಡು ಅರಿವು ತಪ್ಪಿ, ನೆಟ್ಟ ನೋಟದಿಂದಿದ್ದು, ಮತ್ತೆ ಮೊದಲಿನಂತಾಗುತ್ತಾನೆ. ಉಪಾಧ್ಯಾಯನು ಅದನ್ನು ಅಲಕ್ಷ್ಯವೆಂದೆಣಿಸಿ ಗದರಿಸುವುದು ಸಹಜ. ರೇಖೆಯಾದರೋ ಅದು ದುರ್ಗುಣವಲ್ಲ, ವ್ಯಾಧಿ ಎಂದು ಸಾಕ್ಷಿ ನುಡಿಯಿತು. ವೆಸ್ಟನು ವರ್ಣಿಸಿದ್ದ ರೋಗಕ್ಕೂ ಇದರಿಂದ ಬೆಳಕು ದೊರೆಯಿತು. ಅದರಲ್ಲಿ ಕಾಣುವ, ಲಯವಿಲ್ಲದೆ ಎತ್ತರವಾಗಿ ಏಳುವ ಅಲೆಗಳ ಗೊಂದಲಕ್ಕೆ ೧೯೫೨ರಲ್ಲಿ ಗಿಬ್ಸ್ ದಂಪತಿಗಳು ‘ಹಿಪ್ಸರಿದ್ಮಿಯಾ’ ಎಂದು ಹೆಸರಿಟ್ಟರು. ೧೯೫೮ರಲ್ಲಿ ಸೋರೆಲ್ ಮತ್ತು ಅವನ ಸಹೋದ್ಯೋಗಿಯು ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನಿಂದ ಗುಣ ಕಂಡುದನ್ನು ಪ್ರಕಟಿಸಿದರು. ತಂದೆಯ ಪತ್ರಕ್ಕೂ ಈ ಚಿಕಿತ್ಸೆಗೂ ನಡುವೆ ೧೧೭ ವರ್ಷಗಳು ಸಂದಿದ್ದವು.

ಸಾಧನಕ್ಕೆ ಮಿತಿಯೂ ಉಂಟು. ೧೯೩೮ರಲ್ಲಿ ಜ್ಯಾಸ್ಪರ್, ಸಾಲೊಮನ್ ಮತ್ತು ಬ್ರಾಡ್ಲಿಯವರು ನಡತೆಯ ತೊಡಕುಳ್ಳ ಮಕ್ಕಳ ಅಲೆಗಳನ್ನು ಪರಿಶೀಲಿಸಿದರು. ಆದರೆ ಶೀಲವನ್ನು ರೇಖೆಯಿಂದ ನಿರ್ಣಯಿಸಲಾಗದು. ಆರೋಗ್ಯವಂತರಾದ ಕೆಲವು ಮಕ್ಕಳಲ್ಲಿಯೂ ಮೊನೆಗಳು ಕಾಣುವುದುಂಟು. ಅಪಸ್ಮಾರವಿದ್ದವರ ಲೇಖವು ಒಮ್ಮೆ ನಿರ್ದೋಷವಾಗಿ ತೋರುವುದೂ ಉಂಟು. ಲೇಖವು ರೋಗದ ಇತಿವೃತ್ತಕ್ಕೆ ಪೂರಕವೇ ಹೊರತು ಅದರ ಸ್ಥಾನವನ್ನು ಆಕ್ರಮಿಸತಕ್ಕುದಲ್ಲ. ವೆಸ್ಟನಂತೆ ಮಗುವನ್ನು ಹತ್ತಿರದಿಂದ ನೋಡಿದವರ ಮಾತಿಗೆ ಇಂದಿಗೂ ಬೆಲೆ ಕುಂದಿಲ್ಲ.