ಗೊಂಬೆಯ ಹಾಸಿಗೆ, ಸವೆದ ಸೀರೆ: ಬೊಮ್ಮನಹಾಳ್ ಸೀಮೆಯ ಕೌದಿಯ ಬೆಳಕಿನಲ್ಲಿ

ರಾಯದುರ್ಗ ತಾಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಅದರೊಳಗಿದ್ದ ಬೊಮ್ಮನಹಾಳ್ ಸೀಮೆಯ ಮನೆಮಾತು ಅನೇಕ ಕಡೆ ಕನ್ನಡವಾಗಿಯೇ ಉಳಿದಂತೆ ಹಾಸು-ಹೊದಿಕೆಯೂ ಬಳ್ಳಾರಿ ಬಯಲಿನದಾಗಿಯೇ ಉಳಿಯಿತು: ಕುರಿಯುಣ್ಣೆಯ ಕರಿ ಕಂಬಳಿ, ಹಳೆ ಸೀರೆ-ಧೋತರಗಳನ್ನು ಪದರ ಹಾಕಿ ಹೊಲಿದ ಕೌದಿ. ಗೊಂಬೆಮನೆಯ ಪುಟ್ಟ ಹಾಸಿಗೆ ನಿಜದಂತೆ ಕಾಣಬೇಕಾದರೆ ಬೇಕಾಗುವ ಅರಿವು ಈ ಕೌದಿಯಲ್ಲೇ ಇದೆ ಎಂಬುದು ನನ್ನ ವಾದ.

ಯುರೋಪಿನ ಗೊಂಬೆಮನೆ ಸಿರಿವಂತಿಕೆಯ ಪ್ರದರ್ಶನವಾಗಿ ಬೆಳೆಯಿತು. ಆಮ್‌ಸ್ಟರ್‌ಡ್ಯಾಮಿನ ರೇಷ್ಮೆ ವ್ಯಾಪಾರಿಯ ಹೆಂಡತಿ ಪೆಟ್ರೊನೆಲ್ಲಾ ಓರ್ಟ್‌ಮನ್ 1686ರಿಂದ 1710ರವರೆಗೆ ಕಟ್ಟಿಸಿದ ಮನೆ ಇಂದು ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ವಿನ್ಯಾಸದ, ಬ್ರಿಟನ್ನಿನ ರಾಣಿ ಮೇರಿಯ ಗೊಂಬೆಮನೆ 1924ರಲ್ಲಿ ಮುಗಿಯಿತು; ಅದರ ಅಳತೆ ಅಡಿಗೆ ಒಂದು ಅಂಗುಲ. ನಮ್ಮಲ್ಲಿ ಕಿರುಹಾಸಿಗೆಗೆ ಬೇರೆಯೇ ಕಾರಣವಿತ್ತು. ದೇವಸ್ಥಾನದ ಏಕಾಂತಸೇವೆಯಲ್ಲಿ ಉತ್ಸವಮೂರ್ತಿಯನ್ನು ಶಯನಕ್ಕೆ ಸಿದ್ಧಪಡಿಸುತ್ತಾರೆ. ದಸರೆಗೆ ಪಟ್ಟದ ಗೊಂಬೆ ಕೂರಿಸುವ ಮನೆಗಳಲ್ಲಿ ವಿಜಯದಶಮಿಯ ರಾತ್ರಿ ಗೊಂಬೆಯನ್ನು ಮಲಗಿಸುತ್ತಾರೆ. ಇಲ್ಲಿ ಹಾಸಿಗೆ ನೋಡುವುದಕ್ಕಲ್ಲ, ಉಪಚಾರಕ್ಕೆ. ಈ ಭಾವವೇ ನನಗೆ ಹೆಚ್ಚು ಹತ್ತಿರ.

ಇನ್ನು ಕೈಕೆಲಸಕ್ಕೆ ಬರೋಣ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿ ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಆರು-ನಾಲ್ಕು ಅಂಗುಲವಾಗುತ್ತದೆ. ಉದ್ದಗಲ ಕಿರಿದಾಗಿಸುವುದು ಸುಲಭ, ದಪ್ಪವನ್ನಲ್ಲ. ನಾಲ್ಕು ಮಿಲಿಮೀಟರ್ ದಪ್ಪದ ಕೌದಿ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೆ ಇಳಿಯಬೇಕು. ಅಂಗಡಿಯ ಹೊಸ ಪಾಪ್ಲಿನ್ ಎರಡು ಪದರವಾದರೆ ಆ ಮಿತಿ ಮುಟ್ಟಿಬಿಡುತ್ತದೆ. ತೂಕದ ಕಷ್ಟ ಇನ್ನೂ ದೊಡ್ಡದು. ಮಂಚದ ಅಂಚಿನಿಂದ ಒಂದಡಿ ಇಳಿಬಿದ್ದ ಕೌದಿಯನ್ನು ಅದರ ಭಾರವೇ ಕೆಳಗೆಳೆಯುತ್ತದೆ. ಒಂದೇ ಅಂಗುಲ ಇಳಿಬಿಟ್ಟ ತುಂಡಿಗೆ ಆ ಭಾರವಿಲ್ಲ, ಅದು ಸೆಟೆದು ನಿಲ್ಲುತ್ತದೆ. ಗೊಂಬೆಯ ಹಾಸಿಗೆ ಸುಳ್ಳೆಂದು ಮೊದಲು ಹೇಳಿಬಿಡುವುದು ಈ ಸೆಟೆದ ಅಂಚು.

ಅದಕ್ಕೇ ಒಗೆದೊಗೆದು ಗಂಜಿ ಬಿಟ್ಟ, ಎಳೆ ಸವೆದ ನೂಲಿನ ಸೀರೆ ಬೇಕು. ನಡುವಿನ ಪದರ ಬಿಟ್ಟರೂ ನಷ್ಟವಿಲ್ಲ. ಹೊಲಿದ ಮೇಲೆ ಒದ್ದೆ ಮಾಡಿ, ಮಂಚದ ಮೇಲೆ ಹಾಸಿ, ನಿರಿಗೆಗಳನ್ನು ಗುಂಡುಸೂಜಿಯಿಂದ ಹಿಡಿದು, ತೆಳು ಗಂಜಿ ಸವರಿ ಒಣಗಿಸಬೇಕು. ಹಾಸಿಗೆಗೆ, ದಿಂಬಿಗೆ ಹತ್ತಿ ತುಂಬಿದರೆ ಉಬ್ಬಿ ನಿಲ್ಲುತ್ತವೆ. ನುಣುಪು ಮರಳು ತುಂಬಿದರೆ ತಲೆಯಿಟ್ಟ ಕಡೆ ಕುಸಿದು ಹಾಗೇ ಉಳಿಯುತ್ತವೆ. ಹಗರಿ ನದಿಯ ದಡದಿಂದ ಗಾಳಿ ತಂದು ದಿಬ್ಬ ಕಟ್ಟಿದ ಮರಳು ಬೊಮ್ಮನಹಾಳ್, ಕಣೇಕಲ್ ಸೀಮೆಯಲ್ಲಿ ಬೇಕಾದಷ್ಟಿದೆ. ಹೊಲಗಳಿಗೆ ಅದು ಕಂಟಕ, ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ರಾಯದುರ್ಗದ ಜೀನ್ಸ್ ಹೊಲಿಗೆಯಲ್ಲಿ ಉಳಿಯುವ ಚೂರುಗಳು ದಪ್ಪದಿಂದಾಗಿ ಪುಟ್ಟ ಕೌದಿಗೆ ಒದಗುವುದಿಲ್ಲ. ಗುಳೇದಗುಡ್ಡದ ಖಣದ ಸಣ್ಣ ಬುಟ್ಟಾ ಅಳತೆಗೆ ಒಪ್ಪಿದರೂ ನೇಯ್ಗೆ ಬಿಗಿ. ಬೆರಳಗಲ ಅಂತರದ ಹೊಲಿಗೆ ಸಾಲುಗಳು ಇಲ್ಲಿ ಒಂದೂವರೆ ಮಿಲಿಮೀಟರಿಗೆ ಇಳಿಯುವುದರಿಂದ ಒಂದೇ ಎಳೆಯ ರೇಷ್ಮೆ ದಾರ ಬಳಸಬೇಕು. ಟಾಕುಗಳ ಗಾತ್ರವನ್ನು ಅಷ್ಟು ಕುಗ್ಗಿಸಲಾಗದು. ಅವುಗಳ ಎಣಿಕೆ ಬಿಟ್ಟುಕೊಟ್ಟು ಸಾಲನ್ನು ಉಳಿಸಿಕೊಳ್ಳುವುದೇ ಸರಿ. ಸಾಲು ಕೈಹೊಲಿಗೆಯಂತೆ ಕೊಂಚ ಡೊಂಕಾಗಿರಲಿ.

ಕೊನೆಗೆ ಮೂಲೆಗಳ ಮಾತು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಮೂಲೆಗಳಿಗೆ ಮಡಚಿದ ತ್ರಿಕೋನದ ‘ಫೂಲ’ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಅವರ ಕಣ್ಣಿಗೆ ಬೆತ್ತಲೆ. ಪುಟ್ಟ ಕೌದಿಯಲ್ಲಿ ಆ ಮಡಿಕೆ ಮೂಲೆಯನ್ನು ದಪ್ಪಗಾಗಿಸಿ ಮೇಲೆತ್ತುತ್ತದೆ. ಅಲ್ಲಿ ಒಂಟಿ ಪದರದ ಬಣ್ಣದ ಚೂರನ್ನು ಮಡಚದೆ, ಅಂಚಿಗೆ ಗಂಜಿ ಸವರಿ ಅಂಟಿಸಬೇಕು.