ಕೊಪಣನಾಡಿನಲ್ಲಿ ಶಿಶುವೈದ್ಯದ ತಿಳಿವಳಿಕೆ

ಕವಿರಾಜಮಾರ್ಗವು ಕನ್ನಡದ ತಿರುಳು ನೆಲೆಸಿದ ಎಡೆಗಳನ್ನು ಹೇಳುವಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಎಣಿಸಿರುವುದು ಅಧ್ಯಾಪಕರಿಗೆ ಹೊಸ ಸಂಗತಿಯಲ್ಲ. ಆ ಕೊಪಣವೇ ಈಗಿನ ಕೊಪ್ಪಳ. ಭಾಷೆಯ ವಿಷಯದಲ್ಲಿ ಇಷ್ಟು ಕೀರ್ತಿ ಪಡೆದ ನೆಲದಲ್ಲಿ, ಹಸುಗೂಸಿಗೆ ಜ್ವರ ಬಂದಾಗ ತಾಯಿಯಾದವಳು ಯಾರ ಮಾತನ್ನು ನಂಬುತ್ತಿದ್ದಳು, ಆ ಮಾತು ಯಾವ ಭಾಷೆಯಲ್ಲಿ ಅವಳ ಕಿವಿಯನ್ನು ಮುಟ್ಟುತ್ತಿದ್ದಿತು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಗ್ರಂಥಗಳ ಕೊರತೆ ಇದ್ದಿತೆಂದು ಹೇಳಲಾಗದು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ 9 ಬಾಲಗ್ರಹಗಳು ಉಕ್ತವಾಗಿವೆ. ಕನ್ನಡದಲ್ಲಿ ಜಗದ್ದಳ ಸೋಮನಾಥನು ಸುಮಾರು 1150ರಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನೂ, ದೇವೇಂದ್ರಮುನಿಯು ಸುಮಾರು 1200ರಲ್ಲಿ ಬಾಲಗ್ರಹಚಿಕಿತ್ಸೆಯನ್ನೂ ರಚಿಸಿದರು. ಇಬ್ಬರೂ ಜೈನರು, ಕೊಪಣವಾದರೋ ಜೈನರ ಮಹಾತೀರ್ಥ. ಈ ಗ್ರಂಥಗಳು ಅಲ್ಲಿಯೇ ಹುಟ್ಟಿದುವೆಂದು ಸಾಧಿಸಲು ಆಧಾರವಿಲ್ಲ. ಸಾಧಿಸಬೇಕಾದ ಅಗತ್ಯವೂ ಇಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಧರ್ಮವೆಂದು ಬಗೆದ ಸಮಾಜದಲ್ಲಿ ಮದ್ದೂ ಓಲೆಯ ಕಟ್ಟೂ ಒಂದೇ ಪಂಕ್ತಿಗೆ ಸೇರಿದ್ದುವೆಂಬುದನ್ನು ಗಮನಿಸಿದರೆ ಸಾಕು.

ಬಾಲಗ್ರಹವೆಂಬ ಹೆಸರನ್ನು ಕೇಳಿ ನಗುವವರುಂಟು. ಅದು ಆತುರದ ನಗೆ. ವಾಂತಿ, ಭೇದಿ, ಜ್ವರ, ಸೆಳವು, ಮೊಲೆಯುಣ್ಣಲೊಲ್ಲದಿರುವುದು, ಇವುಗಳನ್ನು ಬೇರೆಬೇರೆಯಾಗಿ ಗುರುತಿಸಿದುದು ಕಣ್ಣಿಟ್ಟು ನೋಡಿದವರ ಕೆಲಸ. ತಾಯಿ ಇಲ್ಲವೆ ದಾದಿಯ ನಡೆಯಲ್ಲಿ ತಪ್ಪಿ, ಶೌಚಗೆಟ್ಟ ಕೂಸನ್ನು ಗ್ರಹಗಳು ಹಿಡಿಯುವುವೆಂದು ಸುಶ್ರುತನು ಹೇಳುವಲ್ಲಿ ಕಾರಣದ ಹೆಸರು ತಪ್ಪಾಗಿದ್ದರೂ ಬೆರಳು ತೋರಿದ ದಿಕ್ಕು ಪೂರ್ತಿಯಾಗಿ ತಪ್ಪಲ್ಲ. ಆದರೆ ಶಾಸ್ತ್ರದಿಂದ ಹಳ್ಳಿಗೆ ಇಳಿಯುವಾಗ ಲಕ್ಷಣಗಳ ವಿವೇಚನೆ ಹಿಂದುಳಿದು ಗ್ರಹದ ಭಯವೊಂದೇ ಮುಂದೆ ಬಂದಂತೆ ತೋರುತ್ತದೆ. ತಾಯಿಯ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಹೊಟ್ಟೆಯುಬ್ಬರಕ್ಕೆ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವುದು, ಇಂಥ ವಾಡಿಕೆಗಳು ಉತ್ತರ ಕರ್ನಾಟಕದಲ್ಲಿ ಬಹುಕಾಲ ಉಳಿದುವು. ಇವನ್ನು ಹೇಳಿಕೊಟ್ಟವರು ದುಷ್ಟರಲ್ಲ. ಸೂಲಗಿತ್ತಿಯೋ ಮನೆಯ ಹಿರಿಯಳೋ ಆಗಿದ್ದರು. ಹೆರಿಗೆಯ ಕತ್ತಲೆಯಲ್ಲಿ ಕೈಹಿಡಿದವಳ ಮಾತನ್ನು ಬಾಣಂತಿ ಮೀರುವುದೆಂತು?

ಹೊಸ ವೈದ್ಯವು ಬಂದ ಕಾಲದಲ್ಲಿ ಈ ನಾಡು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರಿನಲ್ಲಿದ್ದುವು. ಗಂಗಾವತಿ, ಕುಷ್ಟಗಿಗಳು ನೇರವಾಗಿ ಸರಕಾರದ ಆಡಳಿತದಲ್ಲಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನಭಾಷೆಯನ್ನಾಗಿ ಮಾಡಿಕೊಂಡು, ಪಾಶ್ಚಾತ್ಯ ಶಾಸ್ತ್ರಗ್ರಂಥಗಳನ್ನು ಅದಕ್ಕೆ ಪರಿವರ್ತಿಸಲು ಭಾಷಾಂತರ ಶಾಖೆಯನ್ನೇ ನಡೆಸಿತು. ದೇಶಭಾಷೆಯೊಂದು ವೈದ್ಯಶಾಸ್ತ್ರವನ್ನು ಹೊರಬಲ್ಲುದೆಂದು ತೋರಿದ ಈ ಸಾಹಸವು ಸ್ತುತ್ಯವೇ. ಆದರೆ ಕುಷ್ಟಗಿಯ ಹಳ್ಳಿಯ ಒಕ್ಕಲಗಿತ್ತಿಗೆ ಉರ್ದುವೂ ಇಂಗ್ಲಿಷೂ ಒಂದೇ ದೂರ. ಏಳು ಶತಮಾನಗಳ ಹಿಂದೆ ಶಿಶುವೈದ್ಯವನ್ನು ಕನ್ನಡದಲ್ಲಿ ಬರೆದಿದ್ದ ಜನಕ್ಕೆ, ಸರಕಾರದ ಕಾಗದವು ತನ್ನ ಮಗುವಿನ ಬಗೆಗೆ ಏನು ಹೇಳುತ್ತದೆಂದು ಕೇಳಲು ಮತ್ತೊಬ್ಬನ ನಾಲಗೆ ಬೇಕಾಯಿತು.

1948ರ ಸಪ್ಟಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದು, 1956ರ ನವಂಬರ್ 1ರಂದು ಈ ತಾಲ್ಲೂಕುಗಳು ಕನ್ನಡರಾಜ್ಯವನ್ನು ಸೇರಿದುವು; ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಆದರೆ ಭಾಷೆ ಮರಳಿ ಬಂದ ಮಾತ್ರಕ್ಕೆ ಓದು ಬರಲಿಲ್ಲ. 2011ರ ಜನಗಣತಿಯಲ್ಲಿಯೂ ಜಿಲ್ಲೆಯ ಸ್ತ್ರೀಸಾಕ್ಷರತೆ ನೂರಕ್ಕೆ 60ನ್ನು ಮುಟ್ಟಿರಲಿಲ್ಲ. ಡಾ. ಅನುಪಮಾ ನಿರಂಜನರಂಥ ವೈದ್ಯಲೇಖಕಿಯರು ತಿಳಿಗನ್ನಡದಲ್ಲಿ ಬರೆದ ತಾಯಿ-ಮಗುವಿನ ಆರೋಗ್ಯದ ಹೊತ್ತಗೆಗಳು ಓದುಬಲ್ಲವರ ಮನೆಗಳ ಆಚೆಗೆ ಹೋಗುವುದು ಕಷ್ಟವಿದ್ದಿತು.

ಆದುದರಿಂದಲೇ 2005ರಲ್ಲಿ ಆರಂಭವಾದ ಆಶಾ ಕಾರ್ಯಕರ್ತೆಯರ ಏರ್ಪಾಡು ಚರಿತ್ರೆಯ ದೃಷ್ಟಿಯಿಂದ ಗಮನಾರ್ಹವಾದುದು. ಆಶಾ ಕಾರ್ಯಕರ್ತೆಯು ಅದೇ ಊರಿನಲ್ಲಿ ನೆಲೆಸಿದವಳಾಗಿರಬೇಕೆಂಬುದು ನಿಯಮ. ರೂಢಿಯಲ್ಲಿ ಹೇಳುವುದಾದರೆ ಊರಿನ ಸೊಸೆ. 2011ರಿಂದ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಹೋಗಿ ನೋಡುವ ಕರ್ತವ್ಯವು ಅವಳಿಗೆ ಬಂದಿತು. ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಹೋಗತಕ್ಕದ್ದು. ಸರಿಸುಮಾರು ಅದೇ ಕಾಲದಲ್ಲಿ ಕೊಪ್ಪಳವೂ ಸೇರಿದಂತೆ ಉತ್ತರದ ಜಿಲ್ಲೆಗಳಲ್ಲಿ ನಡೆದ ಸುಕ್ಷೇಮ ಯೋಜನೆಯು, ಬಸಿರಿಯರನ್ನೂ ಬಾಣಂತಿಯರನ್ನೂ ಮನೆಮನೆಯಾಗಿ ಎಣಿಸಿ ಅನುಸರಿಸುವ ಪುಸ್ತಕವನ್ನು ಅವಳ ಕೈಗಿತ್ತಿತು. ಕೂಸನ್ನು ಬೆಚ್ಚಗಿಡುವುದು, ಮೊದಲ ಹಾಲನ್ನೇ ಉಣಿಸುವುದು, ಭೇದಿಯಾದರೆ ಉಪ್ಪು-ಸಕ್ಕರೆಯ ನೀರನ್ನು ಕುಡಿಸುವುದು, ಉಸಿರಾಟ ಬಿರುಸಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು, ಇವೆಲ್ಲವೂ ಅವಳ ಬಾಯಿಂದ, ಆ ಊರಿನ ಕನ್ನಡದಲ್ಲಿಯೇ, ಬಾಣಂತಿಯ ಮಂಚದ ಬಳಿ ಕುಳಿತು ಹೇಳಲ್ಪಡುವುವು. ಅಲ್ಲಿ ಹಿಂದೆ ಕುಳಿತು ಮಾತನಾಡುತ್ತಿದ್ದವಳು ಸೂಲಗಿತ್ತಿ.